ಒಡ್ಡಿನ್ಯಾಗ ಕದ ಹಚ್ಚಿದ ಬಿಲ: ಇದು ಯಾವ ಹುಳ?

ಕೆಂಪುಕಲ್ಲು (ಬೀದರ) · ಮೇ 17, ರಾತ್ರಿ 9:50

ಎಲ್ಲರಿಗೂ ಶರಣು. ಇಷ್ಟು ದಿನ ಇಲ್ಲಿ ಬರೇ ಓದ್ತಿದ್ದೆ, ಇವತ್ತ ಬರಿಯೋ ಪ್ರಸಂಗ ಬಂತು.

ನಮ್ಮ ಹೊಲ ಬೀದರ ಊರಿಂದ ಜರಾ ಹೊರಗ ಅದ. ಎಲ್ಲಾ ಕೆಂಪು ಗರಸು, ಒಂದು ಮೊಳ ತೋಡಿದ್ರ ಕಲ್ಲು ಹತ್ತತದ. ಹೊಲಕ್ಕ ಟ್ರ್ಯಾಕ್ಟರ್ ಹೋಗೋ ದಾರಿ ಸಣ್ಣದಾಗ್ಯದ ಅಂತ ನಮ್ಮ ಕಾಕಾ ಬಾಜೂಕಿನ ಒಡ್ಡು ಕಡಿಸಿ ಅಗಲ ಮಾಡಸ್ಲತ್ತಾನ. ಜೆಸಿಬಿ ಬರೋಕಿಂತ ಮೊದ್ಲ ಒಡ್ಡಿನ ಮ್ಯಾಲಿನ ಜಾಲಿ ಕಂಟಿ ಕಡೀಲಾಕ ನಾ ಹೋಗಿದ್ದೆ.

ಒಡ್ಡಿನ ಬಗಲಿಗೆ ನೀರು ಕೊರದು ಗ್ವಾಡಿ ಹಂಗ ನಿಂತ ಜಾಗಾ ಅದ. ಅಲ್ಲಿ ಹಳೀ ನಾಲ್ಕಾಣಿ ನಾಣ್ಯದಷ್ಟು ಗುಂಡಗ ಒಂದು ಗೆರಿ ಕಾಣಸ್ತು. ಬಣ್ಣ ಮಣ್ಣಿಂದೇ, ಮ್ಯಾಲ ಒಣಗಿದ ಪಾಚಿ ಬ್ಯಾರೆ. ಉಗುರಲೇ ಎತ್ತಿದೆ, ಡಬ್ಬಿ ಮುಚ್ಚಳ ಎದ್ದಂಗ ಎದ್ದಿತು. ಒಳಗ ಬಿಳಿ ರೇಷ್ಮಿ ಅರಿಬಿ ಹಚ್ಚಿದಂಗ ನುಣ್ಣನ ಬಿಲ. ಬಗ್ಗಿ ನೋಡ್ಲತ್ತಿದ್ದೆ, ಒಳಗಿಂದ ಯಾರೋ ಜಗ್ಗಿದಂಗಾಗಿ ಟಪ್ ಅಂತ ಮುಚ್ಚಿತು. ಮತ್ತ ಕಡ್ಡೀಲೆ ಎತ್ತಲಾಕ ಹ್ವಾದ್ರ ಏನು ಮಾಡಿದ್ರೂ ಬರ್ಲಿಲ್ಲ. ಒಳಗಿಂದ ಅಗಳಿ ಹಾಕ್ಕೊಂಡು ಕುಂತಂಗ!

ಸುಳ್ಳು ಯಾಕ ಹೇಳ್ಲಿ, ಕೈ ಹಿಂದ ತಗೊಂಡೆ. ಯಾವ ಹುಳ ಇದು? ಕಚ್ಚತದೇನು? ಒಡ್ಡು ಕಡಿಯೋದು ಮುಂದಿನ ವಾರ ಅದ, ಅದಕ್ಕ ಕೇಳ್ಲತ್ತೀನಿ.

ಹುಮನಾಬಾದ ಹುಡುಗ · ಮೇ 17, ರಾತ್ರಿ 10:05

ಮಂದಿ ಮನಿ ಬಾಗಿಲಾ ಕೇಳದೇ ತೆಗದ್ರ ಮತ್ತೇನು ಮಾಡ್ತಾರೋ? ಬಾ ಅಂತ ಚಹಾ ಕೊಡ್ತಾರೇನು?

ಎರಿಹೊಲ (ಜೇವರ್ಗಿ) · ಮೇ 18, ಮುಂಜಾನೆ 6:10

ತಮ್ಮಾ, ನಾ ಹುಟ್ಟಿದಾಗಿಂದ ಹೊಲದಾಗ ಇದ್ದೀನಿ. ಕುಂಟಿ ಹೊಡದೀನಿ, ಬಾವಿ ತೋಡೀನಿ, ಹಾವು ಚೇಳು ಎಲ್ಲಾ ನೋಡೀನಿ. ಹುಳ ಕದ ಮಾಡಿ ಕೀಲು ಕೂಡಸ್ತದ ಅನ್ನೋದು ಇವತ್ತೇ ಕೇಳಿದ್ದು. ಫೋಟೋ ಹಾಕು, ಆಮ್ಯಾಲ ಮಾತಾಡೋಣು.

ಕೆಂಪುಕಲ್ಲು (ಬೀದರ) · ಮೇ 18, ಬೆಳಿಗ್ಗೆ 8:30

ಹಾಕೀನಿ ನೋಡ್ರಿ ಮುತ್ಯಾ. ಮೂರು ಫೋಟೋ ಅವ, ಎರಡು ಮಸಕು. ಮೂರನೇದ್ರಾಗ ಕದ ಅರ್ಧ ತೆಗದದ. ಒಳಗ ಕರ್ರಗ ಮಿಂಚೋ ಕಾಲು ಕಾಣಸ್ತಾವ.

ಎಂಟುಕಾಲು ಮಾಸ್ತರ (ಕಲಬುರಗಿ) · ಮೇ 18, ಮಧ್ಯಾಹ್ನ 2:15

ಮೂರನೇ ಫೋಟೋ ಸಾಕು. ಇದು ಬಾಗಿಲು ಜೇಡ, ಟ್ರ್ಯಾಪ್‌ಡೋರ್ ಜೇಡ ಅಂತ ಕರೆಯುವುದು ಇದನ್ನೇ. ಇಪ್ಪತ್ತೈದು ವರ್ಷದಿಂದ ಪ್ರಾಣಿಶಾಸ್ತ್ರ ಪಾಠ ಮಾಡುತ್ತಿದ್ದೇನೆ, ಆದರೂ ಇದನ್ನು ಜೀವಂತ ನೋಡಿದ್ದು ಬೆರಳೆಣಿಕೆಯಷ್ಟು ಸಲ. ಇಲ್ಲವೆಂದಲ್ಲ, ಕಾಣುವುದಿಲ್ಲ.

ಮೊದಲು ಭಯದ ವಿಷಯ ಮುಗಿಸೋಣ. ಕೈಯಲ್ಲಿ ಹಿಡಿದರೆ ಕಚ್ಚಬಹುದು, ನೋವೂ ಆದೀತು. ಆದರೆ ಮನುಷ್ಯನ ಜೀವಕ್ಕೆ ಅಪಾಯ ತರುವ ಜೇಡ ಇದಲ್ಲ. ಅದು ತಾನಾಗಿ ಬಂದು ಕಚ್ಚುವುದಂತೂ ಇಲ್ಲ, ಏಕೆಂದರೆ ಅದು ಮನೆ ಬಿಟ್ಟು ಬರುವುದೇ ಅಪರೂಪ.

ಈಗ ನಿಮ್ಮ ಅಗಳಿ. ನೀವು ಕಡ್ಡಿ ಹಾಕಿದಾಗ ಒಳಗಿದ್ದವಳು ಕದದ ಒಳಮೈಗೆ ಹಲ್ಲು ಮತ್ತು ಉಗುರು ಸಿಕ್ಕಿಸಿ, ಉಳಿದ ಕಾಲುಗಳನ್ನು ಬಿಲದ ಗೋಡೆಗೆ ಒತ್ತಿ ಜಗ್ಗುತ್ತಿದ್ದಳು. ಅವಳು ಅಂತ ಬೇಕೆಂದೇ ಬರೆದೆ. ಇಷ್ಟು ದೊಡ್ಡ ಕದ ಇದ್ದರೆ ಅದು ಬೆಳೆದ ಹೆಣ್ಣೇ ಆಗಿರುತ್ತದೆ.

ಮನೆಯ ಮೂಲೆಯಲ್ಲಿ ಬಲೆ ಕಟ್ಟುವ ಜೇಡಕ್ಕೂ ಇದಕ್ಕೂ ನೆಂಟಸ್ತಿಕೆ ದೂರದ್ದು. ಮನೆಯದರ ಹಲ್ಲುಗಳು ಇಕ್ಕಳದ ಹಾಗೆ ಅಡ್ಡಡ್ಡ ಕೂಡುತ್ತವೆ. ಇದರ ಹಲ್ಲುಗಳು ಜೋಡಿ ಗುದ್ದಲಿ ಎತ್ತಿ ಹೊಡೆದ ಹಾಗೆ ಮೇಲಿಂದ ಕೆಳಗೆ ಇಳಿಯುತ್ತವೆ. ಹಲ್ಲಿನ ಬುಡದಲ್ಲಿ ಗಟ್ಟಿ ಮುಳ್ಳುಗಳ ಸಾಲಿದೆ, ಮಣ್ಣು ಕೆರೆಯಲು. ಉಸಿರಾಟಕ್ಕೆ ಪುಸ್ತಕದ ಹಾಳೆಗಳಂತೆ ಮಡಿಕೆಯಾದ ಶ್ವಾಸಕೋಶ ಎರಡು ಜೊತೆ, ಮನೆ ಜೇಡಕ್ಕೆ ಸಾಮಾನ್ಯವಾಗಿ ಒಂದೇ ಜೊತೆ. ದೊಡ್ಡ ಟರಾಂಟುಲಾಗಳೂ ಇದೇ ಹಳೆಯ ಬಳಗದವು.

ನಮ್ಮ ದೇಶದಲ್ಲಿ ಹೀಗೆ ಕೀಲಿನ ಕದ ಮಾಡುವವುಗಳಲ್ಲಿ ಹೆಚ್ಚು ಹೆಸರಾದದ್ದು ಇಡಿಯೋಪ್ಸ್ ಎಂಬ ಕುಲ. ಪರ್ಟಿ ಎಂಬಾತ 1833ರಲ್ಲಿ ಇಟ್ಟ ಹೆಸರು. ಇದೇ ಕುಲದ ಜೇಡಗಳು ಆಫ್ರಿಕದಲ್ಲೂ ದಕ್ಷಿಣ ಅಮೆರಿಕದಲ್ಲೂ ಇವೆ. ಎರಡು ಕಣ್ಣು ಉಳಿದ ಆರು ಕಣ್ಣುಗಳ ಗುಂಪು ಬಿಟ್ಟು ಮುಂದೆ ತಲೆಯ ಅಂಚಿಗೆ ಬಂದು ಕೂತಿರುವುದು ಇದರ ಗುರುತು. 1900ರಲ್ಲಿ ಪೊಕಾಕ್ ಎಂಬ ವಿಜ್ಞಾನಿ ಭಾರತದ ಎರಡು ಜಾತಿಗಳಿಗೆ ಇಟ್ಟ ಹೆಸರು ನನಗೆ ಬಹಳ ಇಷ್ಟ. ಒಂದು ‘ಫಾಸರ್’, ಲ್ಯಾಟಿನ್ನಿನಲ್ಲಿ ತೋಡುವವ. ಇನ್ನೊಂದು ‘ಕನ್‌ಸ್ಟ್ರಕ್ಟರ್’, ಕಟ್ಟುವವ. ಒಬ್ಬ ಒಡ್ಡರವ, ಒಬ್ಬ ಗೌಂಡಿ.

ನಮ್ಮ ರಾಜ್ಯದ ಊರಿನದೇ ಹೆಸರು ಹೊತ್ತ ಜಾತಿಯೂ ಇದೆ. ಉತ್ತರ ಕನ್ನಡದ ಜೋಯಿಡಾದಿಂದ 2013ರಲ್ಲಿ ವಿವರಿಸಿದ ‘ಇಡಿಯೋಪ್ಸ್ ಜೋಯಿಡಾ’. ಬಿಲದ ಬಾಯಿಗೆ ಒಳಗಿಂದ ಮಣ್ಣಿನ ಬಿರಡೆ ಜಡಿದುಕೊಳ್ಳುವ ಅಭ್ಯಾಸ ಭಾರತದ ಈ ಬಳಗದಲ್ಲಿ ಮೊದಲು ದಾಖಲಾದದ್ದು ಅದರ ಜೊತೆಗೇ. ಅದು ಮಳೆಕಾಡಿನ ಕಡೆಯದು. ನಿಮ್ಮ ಒಡ್ಡಿನದನ್ನು ಅದೇ ಅಂತ ಹೇಳಿಬಿಡಬೇಡಿ. ಜಾತಿ ಗುರುತಿಸಲು ಗಂಡಿನ ಬಾಯಿ ಪಕ್ಕದ ಕೈಗಳನ್ನೋ ಹೆಣ್ಣಿನ ಹೊಟ್ಟೆಯೊಳಗಿನ ವೀರ್ಯಚೀಲವನ್ನೋ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಮೊಬೈಲ್ ಫೋಟೋಕ್ಕೆ ಇಡಿಯೋಪ್ಸ್ ಬಳಗ ಅಂದರೆ ಸಾಕು.

ಹುಮನಾಬಾದ ಹುಡುಗ · ಮೇ 18, ಮಧ್ಯಾಹ್ನ 2:40

ಮಾಸ್ತರ್ರೇ, ಪರೀಕ್ಷಾದಾಗ ಎಷ್ಟು ಮಾರ್ಕಿಗಿ ಬರ್ತದ ಇದು?

ಗುಂಡುಕಲ್ಲು (ಸುರಪುರ) · ಮೇ 18, ಸಂಜೆ 6:20

ನಮ್ಮ ಸಾಲಿ ಕಂಪೌಂಡಿನ ಹುಲ್ಲಿನೊಳಗ ಇಂಥವು ಇಪ್ಪತ್ತರ ಮ್ಯಾಲ ಅವರೀ! ಮುಂಜಾನಿ ಇಬ್ಬನಿ ಬಿದ್ದಾಗ ಬಿಳಿ ಹಾಸಿಗಿ ಹಾಸಿದಂಗ ಕಾಣಸ್ತಾವ, ನಡಕ ಆಲಿಕಿ ಹಂಗ ತೂತು. ಮಕ್ಕಳಿಗೆ ತೋರ್ಸಿ ಬಾಗಿಲು ಜೇಡ ಅಂತನೇ ಹೇಳೀನಿ.

ಎಂಟುಕಾಲು ಮಾಸ್ತರ (ಕಲಬುರಗಿ) · ಮೇ 18, ಸಂಜೆ 7:00

ಅಕ್ಕಾವ್ರೇ, ಅದು ಬೇರೆ. ಹುಲ್ಲಿನ ಮೇಲೆ ಹಾಸು ಬಲೆ, ನಡುವೆ ಆಲಿಕೆ, ಕದ ಇಲ್ಲ ಅಂದರೆ ಬಹುಮಟ್ಟಿಗೆ ಹಿಪ್ಪಾಸಾ, ತೋಳ ಜೇಡಗಳ ಕುಟುಂಬದ್ದು. ನಮ್ಮ ಹೊಲಗಳಲ್ಲಿ ಧಾರಾಳ. ಬಾಗಿಲು ಜೇಡ ಹೊರಗೆ ಹಾಸಿಗೆ ಹಾಸುವುದಿಲ್ಲ. ನಿಮಗೆ ಬಲೆ ಕಣ್ಣಿಗೆ ಬಿತ್ತು ಅಂದರೆ ಅದು ಬಾಗಿಲು ಜೇಡ ಅಲ್ಲ ಅಂತಲೇ ಇಟ್ಟುಕೊಳ್ಳಿ.

ಗುಂಡುಕಲ್ಲು (ಸುರಪುರ) · ಮೇ 18, ಸಂಜೆ 7:10

ಅಯ್ಯೋ. ಐದನೇ ಇಯತ್ತೆಗೆ ತಪ್ಪು ಹೇಳಿ ಕುಂತೀನಿ. ಸಾಲಿ ಸುರು ಆದ ದಿನ ಮೊದ್ಲ ಇದನ್ನೇ ತಿದ್ದತೀನಿ.

ಇನ್ನೊಂದು ಕೇಳೂದಿತ್ತು. ಜ್ಯಾಡ ಮೈಮ್ಯಾಲ ಉಚ್ಚಿ ಹೊಯ್ದ್ರ ಗುಳ್ಳಿ ಏಳತಾವ ಅಂತ ನಮ್ಮ ಆಯಿ ಹೇಳ್ತಿದ್ಲು. ಖರೇನ್ರಿ?

ಎಂಟುಕಾಲು ಮಾಸ್ತರ (ಕಲಬುರಗಿ) · ಮೇ 18, ಸಂಜೆ 7:30

ಜೇಡದ ತಲೆಗೆ ಸುಮ್ಮನೆ ಕಟ್ಟಿದ ಅಪವಾದ. ಮಳೆಗಾಲದಲ್ಲಿ ದೀಪಕ್ಕೆ ಬರುವ ಕೆಂಪು-ಕಪ್ಪು ಪಟ್ಟೆಯ ಒಂದು ಸಣ್ಣ ಉದ್ದನೆಯ ದುಂಬಿ ಇದೆ. ಅದನ್ನು ಚರ್ಮದ ಮೇಲೆ ಉಜ್ಜಿ ಕೊಂದರೆ ಅದರ ರಸಕ್ಕೆ ಸುಟ್ಟ ಹಾಗೆ ಗುಳ್ಳೆ ಏಳುತ್ತವೆ. ಎಷ್ಟೋ ಸಲ ಸರ್ಪಸುತ್ತಿನ ಗುಳ್ಳೆಗೂ ಜೇಡವನ್ನೇ ಬೈಯುತ್ತಾರೆ.

ಎರಿಹೊಲ (ಜೇವರ್ಗಿ) · ಮೇ 19, ಮುಂಜಾನೆ 5:55

ಫೋಟೋ ನೋಡಿದೆ. ಕದ ಅದ, ಒಪ್ಪಿದೆ. ಆದ್ರ ನನ್ನ ಪ್ರಶ್ನಾ ಹಂಗೇ ಉಳೀತು. ಇಷ್ಟು ವರ್ಷ ನನಗ್ಯಾಕ ಕಾಣಲಿಲ್ಲ? ನನ್ನ ಕಣ್ಣೇನು ಕುರುಡೇನು?

ಎಂಟುಕಾಲು ಮಾಸ್ತರ (ಕಲಬುರಗಿ) · ಮೇ 19, ಬೆಳಿಗ್ಗೆ 9:20

ಕಣ್ಣಿನ ದೋಷ ಅಲ್ಲ ಹಿರಿಯರೇ, ಮಣ್ಣಿನ ಗುಣ. ನಿಮ್ಮದು ಎರೆ. ಬೇಸಿಗೆಯಲ್ಲಿ ಕಾಲು ಹೋಗುವಷ್ಟು ಬಿರುಕು ಬಿಡುತ್ತದೆ, ಮಳೆಗೆ ಉಬ್ಬಿ ಎಲ್ಲ ಮುಚ್ಚಿಹೋಗುತ್ತದೆ. ಶ್ರಾವಣದಲ್ಲಿ ಹಳೆ ಮನೆಯ ಕಟ್ಟಿಗೆ ಬಾಗಿಲು ಉಬ್ಬಿ ಚೌಕಟ್ಟಿಗೆ ಸಿಕ್ಕಿಕೊಳ್ಳುವುದಿಲ್ಲವೇ? ಇಲ್ಲಿ ಚೌಕಟ್ಟೇ ಓಡಾಡುತ್ತದೆ. ವರ್ಷಗಟ್ಟಲೆ ಒಂದೇ ಬಿಲದಲ್ಲಿ ಇರುವ ಪ್ರಾಣಿಗೆ ವರ್ಷಕ್ಕೆರಡು ಸಲ ಮೈಮುರಿಯುವ ನೆಲ ಆಗಿಬರುವುದಿಲ್ಲ. ಮೇಲೆ ಪ್ರತಿ ವರ್ಷ ಉಳುಮೆ ಬೇರೆ.

ಬೀದರಿನ ಕೆಂಪುಕಲ್ಲಿನ ಮಣ್ಣು ಹಾಗಲ್ಲ. ಅಲುಗಾಡುವುದಿಲ್ಲ, ಕಡಿದ ಗೋಡೆ ಕಡಿದ ಹಾಗೇ ನಿಲ್ಲುತ್ತದೆ. ಹುಡುಕುವವರು ಹುಡುಕಬೇಕಾದದ್ದು ಉತ್ತ ನೆಲದಲ್ಲಲ್ಲ. ಒಡ್ಡಿನ ಬಗಲು, ಹಳ್ಳದ ದಂಡೆ, ಕಾಲುದಾರಿ ಕೊರೆದ ಗೋಡೆ, ಮರದ ಬೇರಿನ ಸಂದು, ಇಂಥ ನೆರಳಿನ ಇಳಿಜಾರಿನಲ್ಲಿ. ಅಲ್ಲಿ ನೀರು ನಿಂತು ಬಿಲ ತುಂಬುವುದಿಲ್ಲ, ಒಳಗೆ ತಂಪೂ ಆರುವುದಿಲ್ಲ.

ಕೆಂಪುಕಲ್ಲು (ಬೀದರ) · ಮೇ 19, ಬೆಳಿಗ್ಗೆ 10:00

ಇದು ಓದಿ ನೌಬಾದಿನ ಸುರಂಗ ಬಾವಿ ನೆನಪಾಯ್ತು. ಮಳಿ ನೀರು ಕೆಂಪುಕಲ್ಲಿನ ತೂತಿನ್ಯಾಗ ಇಳೀತದ, ತೆಳಗಿನ ಕರಿಕಲ್ಲು ಬಿಡಂಗಿಲ್ಲ, ನಡಕ ಅಡ್ಡಾ ಹರೀತದ. ಬಹಮನಿ ಕಾಲದಾಗ ಆ ನೀರಿಗೇ ಸುರಂಗ ಹೊಡದ್ರು. ಝರಣಿ ನರಸಿಂಹನ ಗವಿ ಗುಡಿಯಾಗ ಎದಿಮಟ ನೀರು ನಿಲ್ಲೋದೂ ಆ ಕಲ್ಲಿಂದೇ. ಅಂದ್ರ ಮ್ಯಾಲ ಬಿಸಿಲು ಎಷ್ಟರ ಇರ್ಲಿ, ಈ ಮಣ್ಣಿನ ಹೊಟ್ಟಿ ತಂಪು. ನಮ್ಮ ಹುಳಕ್ಕ ಅದು ಗೊತ್ತದ!

ಚಿಂಚೋಳಿ ಅಡವಿ · ಮೇ 19, ರಾತ್ರಿ 8:45

ನಾನು ಫೋಟೋ ಹುಚ್ಚಿನವ. ಚಿಂಚೋಳಿ ಅಭಯಾರಣ್ಯ ಆಗಿದ್ದು 2011ರಾಗ, ಅದಕ್ಕೂ ಮೊದ್ಲಿಂದ ಕುಂಚಾವರಂ ಕಡಿ ತಿರುಗ್ತೀನಿ. ಎಲ್ಲರೂ ತೋಳ, ಕತ್ತೆಕಿರುಬ ಅಂತ ಬರ್ತಾರ. ನಾ ರಸ್ತಾ ಕಡದ ದಂಡಿ ಮುಂದ ಮೊಣಕಾಲೂರಿ ಕುಂದ್ರೋವ.

ಕೆಂಪುಕಲ್ಲು ತಮ್ಮಾ, ಹಗಲಿ ಕದ ಎತ್ತಬ್ಯಾಡ. ಪದೇ ಪದೇ ಎತ್ತಿದ್ರ ಕೀಲು ಹರೀತದ, ಆಕಿ ಮತ್ತ ನೇಯಬೇಕು. ರಾತ್ರಿ ಹೋಗು. ಟಾರ್ಚಿಗೆ ಕೆಂಪು ಜಿಲೇಟಿನ ಕಾಗದ ಕಟ್ಟು, ಎರಡು ಮಾರು ದೂರ ಕುಂದ್ರು, ಕಾಲು ಅಲಗಸಬ್ಯಾಡ. ಆಕಿ ನೋಡಿ ತಿಳಕೊಳ್ಳೂದು ಕಮ್ಮಿ, ನೆಲದ ನಡುಕಲೇ ತಿಳಕೋತಾಳ. ನೀ ಒಂದು ಹೆಜ್ಜಿ ಇಟ್ರ ಊರಿಗೆಲ್ಲಾ ಡಂಗುರ ಹೊಡದಂಗ.

ಮತ್ತ ಒಂದು ವಿನಂತಿ. ಹೊಲದ ಸರ್ವೇ ನಂಬರ್, ಲೊಕೇಶನ್ ಇಲ್ಲಿ ಹಾಕಬ್ಯಾಡ. ಇಂಥಾವು ಸಾಕಲಾಕ ಕೊಳ್ಳೋ ಮಂದೀನೂ ಅದಾರ.

ಬೆಂಗಳೂರಾಗಿನ ಆಳಂದದವ · ಮೇ 20, ಮಧ್ಯಾಹ್ನ 1:15

ಊಟದ ಹೊತ್ತಿನ್ಯಾಗ ಪೂರ್ತಿ ಓದಿ ಮುಗಿಸ್ದೆ. ಎಲ್ಲೋ ಓದಿದ್ದು ನೆನಪು: ಆಸ್ಟ್ರೇಲಿಯಾದಾಗ ಒಂದು ಬಾಗಿಲು ಜೇಡ 43 ವರ್ಷ ಬದುಕಿ ವಯಸ್ಸಾಗಿ ಸತ್ತಿತ್ತಂತ. ಖರೇನು? ನನ್ನಕಿಂತ ಎಂಟು ವರ್ಷ ದೊಡ್ಡದು!

ಎಂಟುಕಾಲು ಮಾಸ್ತರ (ಕಲಬುರಗಿ) · ಮೇ 20, ಸಂಜೆ 5:40

43 ವರ್ಷ ನಿಜ. ವಯಸ್ಸಾಗಿ ಸತ್ತದ್ದು ಸುಳ್ಳು. ಅದರ ಕತೆ ಪೂರಾ ಹೇಳಬೇಕು.

ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಟ್ಯಾಮಿನ್ ಅಂತ ಗೋಧಿ ಬೆಳೆಯುವ ಸೀಮೆ. ಸುತ್ತ ಎಲ್ಲ ಉಳುಮೆಯಾಗಿ ನಡುವೆ ಒಂದು ತುಂಡು ಕುರುಚಲು ಕಾಡು ಉಳಿದಿತ್ತು. ಬಾರ್ಬರಾ ಯಾರ್ಕ್ ಮೇನ್ ಎಂಬ ವಿಜ್ಞಾನಿ 1974ರಲ್ಲಿ ಅಲ್ಲಿ ಬಾಗಿಲು ಜೇಡದ ಬಿಲಗಳ ಪಕ್ಕ ನಂಬರಿನ ಗೂಟ ನೆಟ್ಟು ಪಟ್ಟಿ ಶುರುಮಾಡಿದರು. ಅದರಲ್ಲಿ ಹದಿನಾರನೇ ನಂಬರಿನದು ಈ ಹೆಣ್ಣು. ಜಾತಿ ಗೇಯಸ್ ವಿಲ್ಲೋಸಸ್, ನಮ್ಮ ಇಡಿಯೋಪ್ಸ್ ಇರುವ ಕುಟುಂಬದ್ದೇ. ಅಲ್ಲಿಂದ ನಾಲ್ಕು ದಶಕ, ಪ್ರತಿ ಸಲ ಹೋದಾಗಲೂ ಅದೇ ಬಿಲ, ಅದೇ ಹೆಣ್ಣು. ಒಬ್ಬಳ ಬಿಲ ಖಾಲಿಯಾದರೆ ಇನ್ನೊಬ್ಬಳು ಬಂದು ಸೇರುವ ಪದ್ಧತಿ ಅವುಗಳಲ್ಲಿಲ್ಲ, ಹಾಗಾಗಿ ಬಿಲದಲ್ಲಿ ಇರುವುದು ಅದೇ ಜೇಡ ಅಂತ ನಂಬಬಹುದು. 2016ರಲ್ಲಿ ನೋಡಿದಾಗ ಕದಕ್ಕೆ ತೂತು ಬಿದ್ದಿತ್ತು. ಕಡಜ ಹೊಕ್ಕಿತ್ತು. ಇಂಥ ಕಡಜ ಜೇಡದ ಮೇಲೆ ಮೊಟ್ಟೆ ಇಡುತ್ತದೆ, ಮರಿಹುಳ ಜೇಡವನ್ನೇ ತಿಂದು ಬೆಳೆಯುತ್ತದೆ. 2018ರಲ್ಲಿ ಈ ದಾಖಲೆ ಪ್ರಕಟವಾಯಿತು. ಅದಕ್ಕೆ ಮುಂಚೆ ಅತಿ ದೀರ್ಘಾಯುಷ್ಯದ ಜೇಡ ಅಂತ ಹೆಸರಾಗಿದ್ದು ಮೆಕ್ಸಿಕೋದ ಒಂದು ಟರಾಂಟುಲಾ, 28 ವರ್ಷ.

ನಮ್ಮ ಬೀದರಿನವಳೂ ನಲವತ್ತು ವರ್ಷ ಇರುತ್ತಾಳೆ ಅಂತ ನಾನು ಹೇಳುತ್ತಿಲ್ಲ. ಆದರೆ ಜೀವನ ನಡೆಸುವ ರೀತಿ ಅದೇ. ಮರಿಯಾಗಿದ್ದಾಗ ತೋಡಿದ ಬಿಲವನ್ನೇ ಮೈ ಬೆಳೆದಂತೆ ಅಗಲಿಸುತ್ತಾಳೆ, ಕದಕ್ಕೆ ಅಂಚು ಸೇರಿಸುತ್ತ ಹೋಗುತ್ತಾಳೆ. ಎಲ್ಲೂ ವಲಸೆ ಇಲ್ಲ.

ಕೆಂಪುಕಲ್ಲು (ಬೀದರ) · ಮೇ 20, ರಾತ್ರಿ 11:30

ಈಗ ಹೊಲದಿಂದ ಬಂದೆ. ಕೈ ನಡಗ್ಲತ್ತಾವ, ಭಯಕ್ಕಲ್ಲ.

ಅಣ್ಣ ಹೇಳಿದಂಗ ಕೆಂಪು ಕಾಗದ ಕಟ್ಟಿ ಎಂಟೂವರಿಗೆ ಕುಂತೆ. ಅರ್ಧ ತಾಸು ಏನಿಲ್ಲ. ಸೊಳ್ಳಿ ತಿಂದು ಹೈರಾಣ ಮಾಡಿದ್ವು, ಹೊಡಕೊಳ್ಳಂಗೂ ಇಲ್ಲ. ಆಮ್ಯಾಲ ಕದದ ತೆಳಗಿನ ಅಂಚು ಒಂದು ಕೂದಲೆಳಿಯಷ್ಟು ಎದ್ದಿತು. ಇನ್ನಾ ಜರಾ ಎದ್ದಿತು. ನಾಲ್ಕು ಕಾಲಿನ ತುದಿ ಹೊರಗ ಬಂದು ಅಂಚಿನ ಮ್ಯಾಲ ಕುಂತ್ವು. ಹಂಗೇ ನಿಂತದ, ಅಲಗಂಗಿಲ್ಲ. ನಮ್ಮ ಆಯಿ ಸಂಜಿ ಹೊತ್ತು ಬಾಗಿಲಾ ಅರ್ಧ ಮುಂದ ಮಾಡಿ ಸಂದಿನ್ಯಾಗ ಓಣಿ ನೋಡ್ತಿದ್ಲು, ಥೇಟ್ ಹಂಗ.

ಒಂದು ಗೊದ್ದ ಬಂತು. ಕದದಿಂದ ಎರಡು ಬೆರಳು ದೂರ ಹೋಯ್ತು, ಆಕಿ ಏನೂ ಮಾಡ್ಲಿಲ್ಲ. ಇನ್ನೊಂದು ಕದದ ಅಂಚಿಗೇ ಕಾಲಿಟ್ಟಿತು. ಖರೆ ಹೇಳ್ತೀನಿ, ಹಿಡದಿದ್ದು ನಾ ನೋಡ್ಲಿಲ್ಲ. ಗೊದ್ದ ಇತ್ತು, ಟಪ್ ಅಂತು, ಗೊದ್ದ ಇಲ್ಲ. ಒಡ್ಡು ಮತ್ತ ಬರೇ ಒಡ್ಡು.

ಈಗ ಪ್ರಶ್ನಾ. ಶುಕ್ರವಾರ ಜೆಸಿಬಿ ಬರ್ತದ. ಮಣ್ಣಿನ ಸಮೇತ ಆಕೀನ ಕಡದು ಬ್ಯಾರೆ ಕಡಿ ಇಡ್ಲಿಕ್ಕಿ ಬರ್ತದೇನು?

ಎಂಟುಕಾಲು ಮಾಸ್ತರ (ಕಲಬುರಗಿ) · ಮೇ 21, ಬೆಳಿಗ್ಗೆ 7:10

ನನ್ನ ಅಭಿಪ್ರಾಯ: ಬೇಡ. ಗಟ್ಟಿ ಗರಸಿನಲ್ಲಿ ಹಾರಿ ಹಾಕಿದರೆ ರೇಷ್ಮೆಯ ಕೊಳವೆ ಎಲ್ಲೋ ಹರಿಯುತ್ತದೆ. ಬೆಳೆದ ಹೆಣ್ಣು ಗುರುತಿಲ್ಲದ ಜಾಗದಲ್ಲಿ ಮೊದಲಿನಿಂದ ಬಿಲ ತೋಡಿ ನೆಲೆಯಾಗುವುದು ಕಷ್ಟದ ಮಾತು. ತೋಡುವ ತನಕ ಇರುವೆಗೂ ಹಕ್ಕಿಗೂ ಅವಳು ಬಯಲು ಊಟ. ಇನ್ನೊಂದು ಸಂಗತಿ: ಇವುಗಳ ಮರಿಗಳು ಸಾಮಾನ್ಯವಾಗಿ ತಾಯಿಯ ಬಿಲದಿಂದ ನಡೆದೇ ಹೋಗುತ್ತವೆ, ನಡೆದು ಎಷ್ಟು ದೂರ ಹೋದಾವು? ಹಾಗಾಗಿ ಒಂದು ದಂಡೆಯಲ್ಲಿ ಒಂದು ಬಿಲ ಇದ್ದರೆ ಹತ್ತಿರದಲ್ಲೇ ಇನ್ನೂ ಇರುವ ಸಂಭವ ಹೆಚ್ಚು. ನೀವು ಒಬ್ಬಳನ್ನು ಎತ್ತಿಟ್ಟು ಓಣಿಗೆ ಓಣಿಯನ್ನೇ ಕೆಡವಿದ ಹಾಗಾಗುತ್ತದೆ. ಆ ದಂಡೆ ಹೋದರೆ ಬೇರೆ ಕಡೆಯಿಂದ ಬಂದು ಸೇರುವವರು ಸುಲಭಕ್ಕೆ ಇಲ್ಲ.

ದಾರಿಯನ್ನು ಇನ್ನೊಂದು ಮಗ್ಗುಲಿಗೆ ಅಗಲ ಮಾಡಲು ಆಗುವುದಿಲ್ಲವೇ?

ಎರಿಹೊಲ (ಜೇವರ್ಗಿ) · ಮೇ 21, ಬೆಳಿಗ್ಗೆ 7:45

ಮಾಸ್ತರ, ಪಗಾರ ಬರೋರಿಗೆ ಇದು ಹೇಳ್ಲಿಕ್ಕಿ ಸುಲಭ. ಇನ್ನೊಂದು ಮಗ್ಗಲ ಅಂದ್ರ ಬಿತ್ತೋ ಭೂಮಿ. ಒಂದು ಸಾಲು ಹ್ವಾದ್ರ ಒಂದು ಸಾಲಿನ ಉದ್ದು ಹೋಯ್ತು. ಹುಳದ ಸಲುವಾಗಿ ಯಾವ ರೈತ ಬಿಡ್ತಾನ?

ಎಂಟುಕಾಲು ಮಾಸ್ತರ (ಕಲಬುರಗಿ) · ಮೇ 21, ಬೆಳಿಗ್ಗೆ 8:00

ನಿಮ್ಮ ಮಾತಿಗೆ ನನ್ನಲ್ಲಿ ಉತ್ತರ ಇಲ್ಲ ಹಿರಿಯರೇ. ಹೊಲ ಅವರದು.

ಹುಮನಾಬಾದ ಹುಡುಗ · ಮೇ 21, ಬೆಳಿಗ್ಗೆ 9:05

ಕಾಕಾಗ ಅಲ್ಲಿ ನಿಧಿ ಅದ, ನಾಗಪ್ಪ ಕಾಯ್ಲತ್ತಾನ ಅಂತ ಹೇಳೋ.

ಚಿಂಚೋಳಿ ಅಡವಿ · ಮೇ 21, ಬೆಳಿಗ್ಗೆ 9:20

ನಿಧಿ ಅಂದ್ರ ಜೆಸಿಬಿ ಶುಕ್ರವಾರ ಅಲ್ಲ, ಇವತ್ತೇ ರಾತ್ರಿ ಬರ್ತದ.

ಕೆಂಪುಕಲ್ಲು (ಬೀದರ) · ಮೇ 24, ಸಂಜೆ 6:30

ಜೆಸಿಬಿ ಬಂದು ಹೋಯ್ತು. ನಡದದ್ದು ಹೇಳ್ತೀನಿ.

ಗುರುವಾರ ರಾತ್ರಿ ಕಾಕಾನ ಕರಕೊಂಡು ಹೋಗಿ ತೋರ್ಸಿದೆ. ನೋಡಿದ. “ಛಲೋ ಅದ” ಅಂದ. “ನಾಳಿ ಮುಂಜಾನಿ ಏಳಕ್ಕ ಗಾಡಿ ಬರ್ತದ” ಅಂದ. ಅಷ್ಟೇ. ನಾ ಇನ್ನ ಮುಗೀತು ಅನ್ಕೊಂಡೆ.

ಮುಂಜಾನಿ ಡ್ರೈವರ್ ಬಂದು ಒಡ್ಡಿನ ಸುತ್ತ ಒಂದು ಸಲ ತಿರುಗಿದ. ಬಿಲ ಇರೋ ಕಡಿ ಒಂದು ಹಳೀ ಬೇವಿನ ಗಿಡ ಅದ, ಅದರ ಬೇರು ಒಡ್ಡಿನ ಒಳಗೇ ಹರಡ್ಯಾವ. ಇಲ್ಲಿ ಕಡದ್ರ ಗಿಡ ವಾಲತದ, ಮಳಿಗಾಲಕ್ಕ ದಾರಿ ಮ್ಯಾಲ ಬೀಳತದ, ಮ್ಯಾಲಿಂದ ನೀರೂ ಇಲ್ಲೇ ನುಗ್ಗತದ ಅಂದ. ತಾಸಿನ ಬಾಡಿಗಿ ಬ್ಯಾರೆ ಓಡ್ಲತ್ತಿತ್ತು. ಕಾಕಾ ನೆತ್ತಿ ಕೆರಕೊಂಡು, ಬೇವಿನ ಗಿಡದಿಂದ ಎಂಟು ಹೆಜ್ಜಿ ಬಿಟ್ಟು ಆಕಡಿ ಕಡಿ ಅಂದ. ದಾರಿ ಅಲ್ಲಿ ಜರಾ ಡೊಂಕಾಗ್ಯದ.

ಹುಳ ಉಳೀತು, ಆದ್ರ ಹುಳದ ಸಲುವಾಗಿ ಅಲ್ಲ. ಆಕಡಿ ಕಡದ ಒಡ್ಡಿನ ಮಣ್ಣಿನ್ಯಾಗ ಒಂದು ರೇಷ್ಮಿ ಕೊಳವಿ ಹರದು ಬಿದ್ದಿತ್ತು, ಬಟ್ಟಿನಷ್ಟು ಉದ್ದ. ಒಳಗ ಯಾರೂ ಇರಲಿಲ್ಲ. ಮೊದ್ಲೇ ಖಾಲಿ ಇತ್ತೋ ಹೆಂಗೋ.

ಗುಂಡುಕಲ್ಲು (ಸುರಪುರ) · ಮೇ 24, ರಾತ್ರಿ 8:10

ಆ ಕೊಳವಿ ಒಗೀಬ್ಯಾಡ್ರಿ. ಮಕ್ಕಳಿಗೆ ತೋರ್ಸಲಾಕ ಬೇಕು. ಅಂಚೆಗೆ ನಾನೇ ರೊಕ್ಕ ಕೊಡ್ತೀನಿ.

ಚಿಂಚೋಳಿ ಅಡವಿ · ಜೂನ್ 9, ರಾತ್ರಿ 10:20

ಮಿರಗ ಕೂಡಿ ಎರಡು ದಿನಕ್ಕ ನಮ್ಮ ಕಡಿ ಛಲೋ ಮಳಿ. ಇವತ್ತ ಪಡಸಾಲಿ ದೀಪದ ತೆಳಗ ಗಂಡು ಬಂದಿತ್ತು! ಸಪೂರ ಮೈ, ಉದ್ದನ ಕಾಲು, ಮುಂದಿನ ಕಾಲಿಗೆ ಕೊಕ್ಕಿ. ನಮ್ಮವ್ವ ಕಸಬರಿಗಿ ತಗೊಂಡು ನಿಂತಿದ್ಲು. ಅಡ್ಡ ಹೋಗಿ ಲೋಟದಾಗ ಹಿಡದು ಹಿತ್ತಲಿಗೆ ಬಿಟ್ಟೆ. ಪ್ರಾಯಕ್ಕ ಬಂದ ಮ್ಯಾಲ ಗಂಡು ಬಿಲ ಬಿಟ್ಟು ಹೆಣ್ಣಿನ ಕದ ಹುಡುಕ್ತಾ ತಿರಗತದ, ಅದೇ ಹಂಗಾಮಿನ್ಯಾಗ ಸಾಯ್ತದ. ಈ ಜ್ಯಾಡ ಮನಿಯೊಳಗ ಕಾಣಸ್ತಂದ್ರ ಅದು ಬಹುಶಃ ದಾರಿ ತಪ್ಪಿದ ವರಾನೇ. ಚಪ್ಪಲಿ ಎತ್ತಬ್ಯಾಡ್ರಿ.

ಕೆಂಪುಕಲ್ಲು (ಬೀದರ) · ಜೂನ್ 21, ಸಂಜೆ 7:00

ಇಲ್ಲೂ ಮಳಿ ಹತ್ತಿತು. ಒಡ್ಡಿನ ಮ್ಯಾಲಿನ ಪಾಚಿ ಹಸರಾಗಿ ಈಗ ಕದ ನನಗೇ ಸಿಗವಲ್ದು, ಬೇವಿನ ಬೇರಿನಿಂದ ಗೇಣು ಹಾಕಿ ಹುಡುಕಬೇಕು. ಅದರ ಬಾಜೂಕ, ಮೊಳದ ಅಂತರದಾಗ, ತೊಗರಿ ಕಾಳಿನಷ್ಟು ಸಣ್ಣ ಕದ ಮೂರು ಕಂಡೀನಿ. ಮುಟ್ಟಿಲ್ಲ. ಕಾಕಾಗ ಹೇಳಿದೆ, “ಬಾಡಿಗಿ ಕೊಡ್ತಾರೇನು ಕೇಳು” ಅಂದ.

ಎರಿಹೊಲ (ಜೇವರ್ಗಿ) · ಜೂನ್ 23, ಮುಂಜಾನೆ 6:00

ಮಗಳ ಊರು ಚಿಟಗುಪ್ಪಾ ಕಡಿ, ಬಿತ್ತನಿಕಿಗೆ ಅಂತ ಬಂದೀನಿ. ಇಲ್ಲಿ ಕೆಂಪು ಮಣ್ಣು. ನಿನ್ನಿ ಹಳ್ಳದ ದಂಡಿಗೆ ಎಮ್ಮಿ ಬಿಟ್ಟು ಕುಂತಾಗ ಕಣ್ಣು ಸುಮ್ಮ ಕುಂದರಲಿಲ್ಲ. ಮುತ್ತಗದ ಬೇರಿನ ಬುಡಕ ರೂಪಾಯಿಕಿಂತ ಸಣ್ಣದೊಂದು ಗುಂಡು ಗೆರಿ ಅದ. ಉಗುರು ಹಚ್ಚಿಲ್ಲ, ಕಡ್ಡೀನೂ ಹಾಕಿಲ್ಲ. ಮಾಸ್ತರ, ಇದು ಅದೇ ಏನು? ನನಗ ಫೋಟೋ ಏರಿಸ್ಲಾಕ ಬರಂಗಿಲ್ಲ. ಮೊಮ್ಮಗ ಸಾಲಿಂದ ಬಂದ ಮ್ಯಾಲ ಹಾಕಸ್ತೀನಿ, ನೋಡಿ ಹೇಳ್ರಿ.